ಹೆನ್ರಿ ಒಡೆರಾ ಒರೂಕಾ ಕೇಳಿದ ಎರಡನೆಯ ಪ್ರಶ್ನೆ

ಒಬ್ಬ ತತ್ತ್ವಜ್ಞಾನಿಯ ವೃತ್ತಿಜೀವನ ಎಂದ ಕೂಡಲೇ ಓದಿದ ಪದವಿ, ಹಿಡಿದ ಹುದ್ದೆ, ಬರೆದ ಪುಸ್ತಕ ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಕೀನ್ಯಾದ ಹೆನ್ರಿ ಒಡೆರಾ ಒರೂಕಾ ಅವರ ವಿಷಯದಲ್ಲಿ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ಅವರು ಬಿಟ್ಟುಹೋದದ್ದು ಒಂದು ಕೆಲಸದ ಕ್ರಮ. ಓದುಬರಹದ ಲೋಕದಿಂದ ದೂರವಿದ್ದ ಹಿರಿಯರ ಜೊತೆ ಕೂತು, ಅವರ ಮಾತನ್ನು ಧ್ವನಿಮುದ್ರಿಸಿಕೊಂಡು, ಆ ಮಾತಿನಲ್ಲಿ ತತ್ತ್ವಚಿಂತನೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಕ್ರಮ ಅದು. ಅದು ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದಕ್ಕೇ ಈ ಉಪನ್ಯಾಸದ ಹೆಚ್ಚು ಹೊತ್ತನ್ನು ಕೊಡುತ್ತೇನೆ. ಜೀವನದ ವಿವರ ಅದಕ್ಕೆ ಬೇಕಾದಷ್ಟು ಸಾಕು.

ಒರೂಕಾ ಹುಟ್ಟಿದ್ದು 1944ರ ಜೂನ್ 1ರಂದು, ಪಶ್ಚಿಮ ಕೀನ್ಯಾದ ನ್ಯಾಂಜಾ ಸೀಮೆಯಲ್ಲಿ, ಲುವೋ ಸಮುದಾಯದಲ್ಲಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಅವರು ಹೋದದ್ದು ವಿಜ್ಞಾನ ಓದಲು. ಅಲ್ಲಿ ತತ್ತ್ವಶಾಸ್ತ್ರದ ಕಡೆ ಹೊರಳಿದರು. ಅವರಿಗೆ ಸಿಕ್ಕ ಗುರು ಇಂಗೆಮಾರ್ ಹೆಡೆನಿಯಸ್, ಕ್ರೈಸ್ತ ನಂಬಿಕೆಗಳನ್ನು ತರ್ಕದ ಒರೆಗೆ ಹಚ್ಚಿ ಸ್ವೀಡನ್ನಿನಲ್ಲಿ ದೊಡ್ಡ ವಾಗ್ವಾದವನ್ನೇ ಎಬ್ಬಿಸಿದ್ದವರು. ನಂಬಿಕೆ ಎಷ್ಟು ಹಳೆಯದು, ಎಷ್ಟು ಜನ ಅದನ್ನು ಹಿಡಿದಿದ್ದಾರೆ ಎಂಬುದು ಅದು ನಿಜ ಎನ್ನುವುದಕ್ಕೆ ಆಧಾರವಾಗದು ಎನ್ನುವ ಮನೋಧರ್ಮದ ಗುರು ಅವರು. ಒರೂಕಾ ಅವರ ಮುಂದಿನ ಬರವಣಿಗೆಯ ಬೆನ್ನೆಲುಬು ಅದೇ ಆಗಿದೆ. ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ ಓದಿ, 1970ರಲ್ಲಿ ನೈರೋಬಿ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು.

ಆಗ ಅಲ್ಲಿ ತತ್ತ್ವಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಇರಲಿಲ್ಲ. ತತ್ತ್ವಶಾಸ್ತ್ರ ಮತ್ತು ಧರ್ಮಾಧ್ಯಯನ ಒಂದೇ ಸೂರಿನಡಿ ಇದ್ದವು. ಅದನ್ನು ಕಟ್ಟಿದ ಸ್ಟೀಫನ್ ನೀಲ್ ಆಂಗ್ಲಿಕನ್ ಬಿಷಪ್; ಅದಕ್ಕೆ ಮೊದಲು ನಮ್ಮ ಪಕ್ಕದ ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಬಿಷಪ್ ಆಗಿದ್ದವರು. ಹೀಗೆ ವಿಭಾಗದ ಒಲವು ಸಹಜವಾಗಿಯೇ ದೇವತಾಶಾಸ್ತ್ರದ ಕಡೆಗಿತ್ತು. ತತ್ತ್ವಶಾಸ್ತ್ರ ಸ್ವತಂತ್ರ ವಿಭಾಗವಾದದ್ದು 1980ರಲ್ಲಿ, ಒರೂಕಾ ಅವರ ಮುಂದಾಳತನದಲ್ಲಿ. ನಡುವೆ 1974ರಲ್ಲಿ ಕೀನ್ಯಾದ ತತ್ತ್ವಶಾಸ್ತ್ರ ಸಂಘದ ಪತ್ರಿಕೆಯೊಂದನ್ನು ಅವರು ಶುರು ಮಾಡಿದ್ದರು. ಅದೇ ವರ್ಷ ಹಿರಿಯರ ಸಂದರ್ಶನದ ಯೋಜನೆಯೂ ಶುರುವಾಯಿತು.

ಆ ಯೋಜನೆ ಯಾಕೆ ಬೇಕಾಯಿತು ಎಂದು ತಿಳಿಯಲು ಆ ಕಾಲದ ಜಗಳ ಗೊತ್ತಿರಬೇಕು. ಬೆಲ್ಜಿಯಂನ ಪಾದ್ರಿ ಪ್ಲಾಸಿಡ್ ಟೆಂಪಲ್ಸ್ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಾಂಟು ಜನರಿಗೆ ತಮ್ಮದೇ ತತ್ತ್ವಶಾಸ್ತ್ರ ಇದೆ, ಅದರ ತಿರುಳು ‘ಜೀವಶಕ್ತಿ’ ಎಂದು ವಾದಿಸಿದ್ದರು. ಮೆಚ್ಚುಗೆಯ ಮಾತೇ. ಆದರೆ ಆ ತತ್ತ್ವವನ್ನು ಹೇಳಿದ ಬಾಂಟು ಮನುಷ್ಯ ಯಾರು? ಒಬ್ಬರ ಹೆಸರೂ ಇಲ್ಲ. ಜನ ತಮಗೇ ಗೊತ್ತಿಲ್ಲದೆ ಹೊತ್ತು ತಿರುಗುವ ತತ್ತ್ವವನ್ನು ಪಾದ್ರಿ ಬಿಡಿಸಿ ಹೇಳುತ್ತಾನೆ. ಕೀನ್ಯಾದವರೇ ಆದ ಜಾನ್ ಎಂಬಿಟಿ 1969ರಲ್ಲಿ, ಆಫ್ರಿಕನ್ನರ ಕಾಲಕಲ್ಪನೆಯಲ್ಲಿ ದೀರ್ಘವಾದ ಭವಿಷ್ಯವೇ ಇಲ್ಲ, ಹೆಚ್ಚೆಂದರೆ ಎರಡು ವರ್ಷದಾಚೆಗೆ ಅದು ಚಾಚುವುದಿಲ್ಲ ಎಂದು ಬರೆದರು. ಎರಡು ಭಾಷೆಗಳ ಕ್ರಿಯಾಪದಗಳ ರೂಪ ನೋಡಿ ಒಂದು ಖಂಡದ ಮನಸ್ಸಿಗೆ ಬೇಲಿ ಹಾಕಿದಂತಾಯಿತು.

ಇಂಥ ಬರಹಕ್ಕೆ ಆಮೇಲೆ ‘ಜನಾಂಗೀಯ ತತ್ತ್ವಶಾಸ್ತ್ರ’ ಎಂಬ ಹೆಸರು ನಿಂತಿತು. ಬೆನಿನ್ ದೇಶದ ಪೌಲಿನ್ ಹುಂಟೊಂಜಿ ಅದನ್ನು ಕಟುವಾಗಿ ಖಂಡಿಸಿದರು. ಇಡೀ ಬುಡಕಟ್ಟು ಒಂದೇ ದನಿಯಲ್ಲಿ ಯೋಚಿಸುತ್ತದೆ ಎಂಬುದು ಭ್ರಮೆ, ಹೆಸರಿರುವ ಒಬ್ಬ ವ್ಯಕ್ತಿ ಮುಂದಿಟ್ಟ ವಾದ, ಅದಕ್ಕೆ ಇನ್ನೊಬ್ಬರ ಮರುವಾದ ಇದ್ದರೆ ಮಾತ್ರ ಅದು ತತ್ತ್ವಶಾಸ್ತ್ರ ಎಂದರು. ಒರೂಕಾ ಕೂಡ 1972ರಲ್ಲೇ ಪುರಾಣಗಳನ್ನು ತತ್ತ್ವಶಾಸ್ತ್ರ ಎಂದು ಮಾರುವುದನ್ನು ವಿರೋಧಿಸಿ ಲೇಖನ ಬರೆದಿದ್ದರು. ಇಲ್ಲಿಯವರೆಗೆ ಇಬ್ಬರೂ ಒಂದೇ ಪಾಳಯ. ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಹುಂಟೊಂಜಿ ಅವರ ಪ್ರಕಾರ ತತ್ತ್ವಶಾಸ್ತ್ರಕ್ಕೆ ಬರಹ ಬೇಕು. ಬರಹ ಇಲ್ಲದೆ ವಾದಗಳ ಸಾಲು ಬೆಳೆಯುವುದಿಲ್ಲ. ಒರೂಕಾ ಕೇಳಿದ್ದು: ಬರೆಯದವರು ಯೋಚಿಸಿಲ್ಲ ಎಂದು ನೀವು ಹೋಗಿ ನೋಡಿದಿರಾ? ನೋಡದೆ ‘ಇದೆ’ ಎನ್ನುವುದು ಎಷ್ಟು ತಪ್ಪೋ, ನೋಡದೆ ‘ಇಲ್ಲ’ ಎನ್ನುವುದೂ ಅಷ್ಟೇ ತಪ್ಪು.

1974ರ ಯೋಜನೆಯ ಪ್ರಶ್ನೆ ಆದ್ದರಿಂದ ಬಹಳ ಇಕ್ಕಟ್ಟಾದದ್ದು, ಅದೇ ಅದರ ಬಲ. ಪಾರಂಪರಿಕ ಸಮಾಜದಲ್ಲೇ ಬೆಳೆದು, ಎಲ್ಲರೂ ಒಪ್ಪಿಕೊಂಡ ನಂಬಿಕೆಗಳನ್ನು ತನ್ನ ಬುದ್ಧಿಯಿಂದ ಮರುಪರೀಕ್ಷಿಸಿ, ಸಮುದಾಯ ಹೇಳಿತು ಎಂಬ ಕಾರಣಕ್ಕಲ್ಲದೆ ವಿಚಾರದ ಬಲದಿಂದ ಒಪ್ಪುವ ಅಥವಾ ಬಿಡುವ ವ್ಯಕ್ತಿಗಳು ಸಿಗುತ್ತಾರೆಯೇ? ಆರಂಭದಲ್ಲಿ ಸಹೋದ್ಯೋಗಿ ಜೋಸೆಫ್ ಡಾಂಡರ್ಸ್ ಜೊತೆಗಿದ್ದರು. ಬೇರೆ ಬೇರೆ ಸೀಮೆಗಳ ವಿದ್ಯಾರ್ಥಿಗಳು ಸಂಶೋಧನಾ ಸಹಾಯಕರಾಗಿ ತಮ್ಮ ತಮ್ಮ ಭಾಷೆಯ ಹಿರಿಯರ ಬಳಿಗೆ ಹೋದರು. ಕೀನ್ಯಾದಲ್ಲಿ ನಲವತ್ತಕ್ಕೂ ಹೆಚ್ಚು ಭಾಷೆಗಳಿವೆ; ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

ಈಗ ಕ್ರಮಕ್ಕೆ ಬರೋಣ. ಮೊದಲು ಮನುಷ್ಯರನ್ನು ಹುಡುಕಬೇಕು. ಊರಿನವರನ್ನೇ ಕೇಳಬೇಕು: ನಿಮ್ಮಲ್ಲಿ ವಿವೇಕಿ ಯಾರು, ಜಗಳ ಬಂದರೆ, ಸಂದೇಹ ಬಂದರೆ ಯಾರ ಬಳಿ ಹೋಗುತ್ತೀರಿ? ಹೀಗೆ ಬಂದ ಹೆಸರುಗಳಲ್ಲಿ ಮುಖಂಡರು, ವೈದ್ಯರು, ಹಾಡುಗಾರರು, ವಂಶಾವಳಿ ಹೇಳುವವರು ಎಲ್ಲ ಕಲಸಿಕೊಂಡಿರುತ್ತಾರೆ. ಇವರೆಲ್ಲ ತತ್ತ್ವಜ್ಞಾನಿಗಳೇನಲ್ಲ, ಆದರೆ ಇವರೊಳಗೇ ಸಿಗಬಹುದು. ಒರೂಕಾ ಇನ್ನೊಂದು ಷರತ್ತನ್ನೂ ಇಟ್ಟಿದ್ದರು. ತನ್ನ ಜ್ಞಾನವನ್ನು ಸಮುದಾಯದ ಒಳಿತಿಗೆ ಬಳಸುವವರು ಮಾತ್ರ ಜ್ಞಾನಿ. ಬರೀ ಚುರುಕು ಬುದ್ಧಿ ಇದ್ದರೆ ಸಾಲದು. ಈ ನೈತಿಕ ಷರತ್ತನ್ನು ವಿಮರ್ಶಕರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಅದು ಅವರ ಇಡೀ ಜೀವನದ ಕೆಲಸವನ್ನು ಹೊಲಿಯುವ ದಾರ.

ಹೆಸರು ಸಿಕ್ಕ ಮೇಲೆ ಮಾತು. ದೇವರು, ಸಾವು, ಸತ್ಯ, ಸ್ವಾತಂತ್ರ್ಯ, ಹೆಣ್ಣು ಗಂಡಿನ ಸಮಾನತೆ, ನ್ಯಾಯ, ಮಾಟ, ಸಾಮುದಾಯಿಕ ಬದುಕು ಇಂಥ ವಿಷಯಗಳನ್ನು ಒಂದೊಂದಾಗಿ ಎತ್ತಿಕೊಳ್ಳಬೇಕು. ಇಲ್ಲಿ ಪ್ರಶ್ನೆಗಳ ಅನುಕ್ರಮವೇ ಜೀವಾಳ. ಮೊದಲ ಪ್ರಶ್ನೆ, ‘ಇದರ ಬಗ್ಗೆ ನಿಮ್ಮ ಜನ ಏನು ಹೇಳುತ್ತಾರೆ?’ ಇದಕ್ಕೆ ಬರುವ ಉತ್ತರ ಸಮುದಾಯದ್ದು. ಮಾನವಶಾಸ್ತ್ರದವರಿಗೆ ಅಷ್ಟು ಸಾಕಾಗುತ್ತಿತ್ತು. ಎರಡನೆಯ ಪ್ರಶ್ನೆ, ‘ನೀವು ಅದನ್ನು ಒಪ್ಪುತ್ತೀರಾ?’ ಮೂರನೆಯದು, ‘ಯಾಕೆ?’ ನಾಲ್ಕನೆಯದು ಆಕ್ಷೇಪ: ‘ಹೀಗಲ್ಲ ಎನ್ನುವವರೂ ಇದ್ದಾರೆ, ಅವರಿಗೆ ಏನು ಹೇಳುತ್ತೀರಿ?’ ಈ ಎರಡನೆಯ ಪ್ರಶ್ನೆಯಲ್ಲೇ ದಾರಿ ಕವಲೊಡೆಯುತ್ತದೆ. ಆಕ್ಷೇಪ ಎದುರಾದಾಗ ‘ನಮ್ಮ ಹಿರಿಯರು ಹೇಳಿದ್ದು ಹೀಗೆ’ ಎಂದು ಹಿಂದಕ್ಕೆ ಸರಿದವರನ್ನು ಒರೂಕಾ ‘ಜಾನಪದ ಜ್ಞಾನಿ’ ಎಂದು ಕರೆದರು. ಅವರು ಸಮುದಾಯದ ಜ್ಞಾನದಲ್ಲಿ ಪಾರಂಗತರು, ಅದನ್ನು ಅಚ್ಚುಕಟ್ಟಾಗಿ ವಿವರಿಸಬಲ್ಲರು, ಆದರೆ ಅದರ ಹೊರಗೆ ನಿಂತು ನೋಡಲಾರರು. ಕಾರಣ ಕೊಟ್ಟು ನಿಂತವರು, ಬೇಕಾದರೆ ಸಮುದಾಯವನ್ನೇ ತಿದ್ದುವವರು ‘ತಾತ್ತ್ವಿಕ ಜ್ಞಾನಿ’.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಲುವೋ ಹಿರಿಯರಾದ ಪೌಲ್ ಎಂಬುಯಾ ಅಕೋಕೋ ಅವರ ಜೊತೆಗಿನ ಮಾತುಕತೆ ಈ ಯೋಜನೆಯ ಅತ್ಯುತ್ತಮ ಫಲಗಳಲ್ಲಿ ಒಂದು. ಅದರ ಹಿನ್ನೆಲೆ ಇದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪೂರ್ವ ಆಫ್ರಿಕಾದ ಸರ್ಕಾರಗಳೆಲ್ಲ ‘ಆಫ್ರಿಕನ್ ಸಮಾಜವಾದ’ದ ಮಾತಾಡುತ್ತಿದ್ದವು. ಕೀನ್ಯಾ ಸರ್ಕಾರ 1965ರಲ್ಲಿ ಆ ಹೆಸರಿನ ನೀತಿಪತ್ರವನ್ನೇ ಹೊರಡಿಸಿತ್ತು. ಟಾಂಜಾನಿಯಾದಲ್ಲಿ ಅಧ್ಯಕ್ಷ ಜೂಲಿಯಸ್ ನ್ಯೆರೇರೆ 1967ರಲ್ಲಿ ಸಮಾಜವಾದವೇ ದೇಶದ ನೀತಿ ಎಂದು ಸಾರುವ ಅರೂಷಾ ಘೋಷಣೆ ಮಾಡಿದ್ದರು. ಹಳೆಯ ಆಫ್ರಿಕಾದಲ್ಲಿ ಎಲ್ಲರೂ ಎಲ್ಲವನ್ನೂ ಹಂಚಿಕೊಂಡು ಬಾಳುತ್ತಿದ್ದರು ಎಂಬುದು ಆ ಮಾತುಗಳ ಅಡಿಪಾಯ.

ಎಂಬುಯಾ ಅದನ್ನು ಹಾಗೇ ಒಪ್ಪಲಿಲ್ಲ. ಲುವೋಗಳು ಧಾರಾಳಿಗಳಾಗಿ ಆಸ್ತಿಯನ್ನು ಹಂಚಿಬಿಡುತ್ತಿದ್ದರು ಎಂಬ ಅರ್ಥದಲ್ಲಿ ಅವರು ಸಾಮುದಾಯಿಕರಲ್ಲ ಎಂದರು. ನಡೆಯುತ್ತಿದ್ದದ್ದು ಸಹಕಾರ. ದನಗಳು ಹೆಚ್ಚಿರುವವನು ದನವಿಲ್ಲದವರ ಮನೆಗೆ ಕೆಲವನ್ನು ಮೇಯಿಸಲು, ನೋಡಿಕೊಳ್ಳಲು ಕೊಡುತ್ತಿದ್ದ. ದನ ಪೂರ್ತಿ ಕೊಟ್ಟುಬಿಟ್ಟಂತೆ ಅಲ್ಲ, ಒಡೆತನ ಅವನದೇ. ಆದರೆ ಸಾಕುವ ಮನೆಗೆ ಹಾಲು ಸಿಗುತ್ತಿತ್ತು. ಹೀಗಾಗಿ ಒಬ್ಬನಿಗೆ ದನ ಇದ್ದರೆ ಎಲ್ಲರಿಗೂ ದನ ಇದ್ದ ಹಾಗೆ. ಗಮನಿಸಿ, ಒಡೆತನ, ಅನುಭೋಗ, ದುಡಿಮೆ ಈ ಮೂರನ್ನು ಅವರು ಬಿಡಿಸಿಟ್ಟರು. ಸರ್ಕಾರದ ನೀತಿಪತ್ರ ಕಲಸಿದ್ದನ್ನು ಹಳ್ಳಿಯ ಹಿರಿಯರೊಬ್ಬರು ಬೇರ್ಪಡಿಸಿದರು, ಅದೂ ತಮ್ಮ ಜನರನ್ನು ಹೊಗಳುವ ಸುಲಭದ ದಾರಿಯನ್ನು ಬಿಟ್ಟು.

ಹೆಣ್ಣು ಗಂಡಿನ ವಿಷಯದಲ್ಲೂ ಹಾಗೆಯೇ. ಸಮುದಾಯದ ಮಾತು ಗಂಡೇ ಮೇಲು ಎನ್ನುವುದು. ಎಂಬುಯಾ ವಾದಿಸಿದ ರೀತಿ: ಗಂಡು ಹೆಣ್ಣಿಗಿಂತ ವೇಗವಾಗಿ ಓಡಬಲ್ಲ ಎನ್ನೋಣ, ಆದರೆ ಮಗುವನ್ನು ಹೊತ್ತು ಹೆರುವ ನೋವನ್ನು ತಾಳುವ ಶಕ್ತಿ ಹೆಣ್ಣಿಗಿದೆ, ಗಂಡಿಗಿಲ್ಲ. ಬುದ್ಧಿಯ ಮಾತಿಗೆ ಬಂದರೆ ಎರಡು ಕಡೆಯೂ ಚುರುಕಾದವರಿದ್ದಾರೆ, ಮಂಕಾದವರಿದ್ದಾರೆ. ಹಾಗಿದ್ದ ಮೇಲೆ ಒಬ್ಬರು ಮೇಲು ಎನ್ನಲು ಆಧಾರ ಎಲ್ಲಿ? ದೇವರ ವಿಷಯದಲ್ಲಿ, ಲುವೋ ದೇವರು ಲುವೋಗಳಿಗೆ ಮಾತ್ರ ಸೇರಿದವನು ಎಂದು ತಮ್ಮ ಜನ ತಿಳಿದದ್ದು ತಪ್ಪು ಎಂದರು. ಜನಕ್ಕೊಬ್ಬ ದೇವರು ಬೇರೆ ಬೇರೆ ಇದ್ದಿದ್ದರೆ ನಿಸರ್ಗದಲ್ಲಿ ಈಗಿರುವಂಥ ಏಕರೀತಿಯ ವ್ಯವಸ್ಥೆ ಇರುತ್ತಿರಲಿಲ್ಲ ಎಂಬುದು ಅವರ ಕಾರಣ. ಈ ವಾದವನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಎಲ್ಲಿ ಹಿಡಿಯಬೇಕು ಎಂದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅದೇ ವಾದದ ಲಕ್ಷಣ.

ಬುಕುಸು ಸಮುದಾಯದ ಒಕೆಂಬಾ ಸಿಮಿಯು ಚೌಂಗೊ ಅವರನ್ನು ಸತ್ಯ ಎಂದರೇನು ಎಂದು ಕೇಳಿದಾಗ ಎದುರಿಗಿದ್ದ ಬಾಟಲಿಯನ್ನು ತೋರಿಸಿದರು. ಅದು ಬಾಟಲಿ; ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸತ್ಯ. ಇಷ್ಟೇ ಆಗಿದ್ದರೆ ತೀರ ಸಾಧಾರಣ ಉತ್ತರ. ಜನ ಸುಳ್ಳು ಯಾಕೆ ಹೇಳುತ್ತಾರೆ ಎಂಬ ಮುಂದಿನ ಪ್ರಶ್ನೆಗೆ ಮಾತು ಬೆಳೆಯಿತು. ಹೊಟ್ಟೆಪಾಡಿಗೆ, ಪೊಳ್ಳು ಪ್ರತಿಷ್ಠೆಗೆ, ಮೋಸದ ಲಾಭಕ್ಕೆ ಎಂದರು. ಸತ್ಯ ಎಂಬುದು ಮಾತಿಗೂ ವಸ್ತುವಿಗೂ ಇರುವ ಹೊಂದಾಣಿಕೆ ಎಂಬಲ್ಲಿಂದ ಹೊರಟು, ಸುಳ್ಳಿಗೆ ಸಮಾಜದಲ್ಲಿ ಸಿಗುವ ಬೆಲೆಯವರೆಗೆ ಎರಡೇ ಹೆಜ್ಜೆಯಲ್ಲಿ ಬಂದರು. ಕೇಳುವವನು ಮೊದಲ ಉತ್ತರಕ್ಕೆ ತೃಪ್ತನಾಗಿ ಎದ್ದು ಬಂದಿದ್ದರೆ ಉಳಿಯುತ್ತಿದ್ದದ್ದು ಬಾಟಲಿ ಮಾತ್ರ.

ಇಲ್ಲಿ ಮಾರ್ಸೆಲ್ ಗ್ರಿಯೋಲ್ ಅವರ ಕೆಲಸವನ್ನು ಹೋಲಿಸಿ ನೋಡಬೇಕು. ಆ ಫ್ರೆಂಚ್ ಮಾನವಶಾಸ್ತ್ರಜ್ಞ 1946ರಲ್ಲಿ ಮಾಲಿ ದೇಶದ ಡೋಗೋನ್ ಜನರ ಕುರುಡ ಹಿರಿಯ ಒಗೊಟೆಮ್ಮೆಲಿ ಅವರ ಜೊತೆ 33 ದಿನ ಕೂತು, ಸೃಷ್ಟಿಯ ಬೆರಗಿನ ಕಥನವನ್ನು ಬರೆದುಕೊಂಡರು. ಒಬ್ಬ ಹೆಸರುಳ್ಳ ಹಿರಿಯ, ದೀರ್ಘ ಮಾತುಕತೆ, ಎಲ್ಲವೂ ಇದೆ. ಆದರೂ ಒರೂಕಾ ಒಗೊಟೆಮ್ಮೆಲಿಯನ್ನು ಜಾನಪದ ಜ್ಞಾನಿಗಳ ಸಾಲಿನಲ್ಲೇ ಇಟ್ಟರು. ಆ ಪುಸ್ತಕದಲ್ಲಿ ಡೋಗೋನ್ ನಂಬಿಕೆ ವಿವರವಾಗಿ ಬರುತ್ತದೆ, ಅದರ ಬಗ್ಗೆ ಒಗೊಟೆಮ್ಮೆಲಿಯ ತೀರ್ಮಾನ ಬರುವುದಿಲ್ಲ ಎಂಬುದು ಕಾರಣ. ಇಲ್ಲಿ ನನ್ನದೊಂದು ತಕರಾರಿದೆ. ತೀರ್ಮಾನ ಬರಲಿಲ್ಲ ಎಂದರೆ ಅದು ಇರಲಿಲ್ಲ ಎಂದೇನಲ್ಲ. ಗ್ರಿಯೋಲ್ ಎರಡನೆಯ ಪ್ರಶ್ನೆಯನ್ನು ಕೇಳಲು ಹೋದವರಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಉತ್ತರಿಸುವವರಿಗೆ ಅಂಕ ಕಡಿಮೆ ಕೊಡುವುದು ನ್ಯಾಯವಲ್ಲ.

ಈ ಕ್ರಮ ಕೆಡುವ ಜಾಗಗಳನ್ನು ಈಗ ನೋಡೋಣ. ಮೊದಲನೆಯದು ಸುತ್ತ ಕೂತ ಜನ. ಹಿರಿಯರ ಬಳಿ ಮಾತಿಗೆ ಕೂತರೆ ಮನೆಮಂದಿ, ನೆರೆಹೊರೆ ಎಲ್ಲ ಸೇರುತ್ತಾರೆ. ಸಭೆಯ ಎದುರು ಯಾವ ಹಿರಿಯರೂ ಸಮುದಾಯದ ಮಾತನ್ನು ಸುಲಭವಾಗಿ ಮುರಿಯುವುದಿಲ್ಲ. ತಾತ್ತ್ವಿಕ ಜ್ಞಾನಿಯಾಗಬಲ್ಲವರು ಅಲ್ಲಿ ಜಾನಪದ ಜ್ಞಾನಿಯಾಗಿ ದಾಖಲಾಗುತ್ತಾರೆ. ಎರಡನೆಯ ಸಲ, ಒಬ್ಬರೇ ಇರುವಾಗ ಹೋಗುವುದು ಅದಕ್ಕೆ ಪರಿಹಾರ.

ಇನ್ನೊಂದು ವಯಸ್ಸಿನ ಅಂತರ. ಇಪ್ಪತ್ತು ಚಿಲ್ಲರೆ ವಯಸ್ಸಿನ ವಿದ್ಯಾರ್ಥಿ, ‘ಎಂಜೀ’ ಎಂದು ಗೌರವದಿಂದ ಕರೆಯುವ ಹಿರಿಯರಿಗೆ ಎದುರಾಡುವುದು ಸಲ್ಲದ ನಡೆ. ಎದುರಾಡದಿದ್ದರೆ ನಾಲ್ಕನೆಯ ಪ್ರಶ್ನೆಯೇ ಬಿದ್ದುಹೋಗುತ್ತದೆ. ಆದ್ದರಿಂದ ಆಕ್ಷೇಪವನ್ನು ತನ್ನದೆಂದು ಹೇಳದೆ ಬೇರೆಯವರ ಬಾಯಲ್ಲಿಟ್ಟು ಕೇಳಬೇಕು: ‘ಪಕ್ಕದ ಸೀಮೆಯವರು ಹೀಗೆನ್ನುತ್ತಾರೆ’, ‘ಚರ್ಚಿನವರು ಹಾಗೆನ್ನುತ್ತಾರೆ’. ಮರ್ಯಾದೆಯೂ ಉಳಿಯಿತು, ವಾದವೂ ನಡೆಯಿತು.

ಎಲ್ಲಕ್ಕಿಂತ ದೊಡ್ಡ ಅಪಾಯ ಪ್ರಶ್ನೆಯೊಳಗೇ ಉತ್ತರ ಇಡುವುದು. ‘ಹಾಗಾದರೆ ಸ್ವಾತಂತ್ರ್ಯ ಎಂದರೆ ಅಡೆತಡೆ ಇಲ್ಲದಿರುವುದು ಎನ್ನಬಹುದಲ್ಲವೇ?’ ಎಂದು ಕೇಳಿದರೆ ಹಿರಿಯರು ‘ಹೌದು’ ಎನ್ನುತ್ತಾರೆ. ಟೇಪಿನಲ್ಲಿ ಅದು ಅವರ ಒಪ್ಪಿಗೆ, ಪುಸ್ತಕದಲ್ಲಿ ಅವರ ಸಿದ್ಧಾಂತ. ಆದ್ದರಿಂದ ಅಚ್ಚು ಮಾಡುವಾಗ ಪ್ರಶ್ನೆಗಳನ್ನು ಒಂದೂ ಬಿಡದೆ ಹಾಕಬೇಕು. ಪ್ರಶ್ನೆ ಕತ್ತರಿಸಿ ಉತ್ತರಗಳನ್ನು ಮಾತ್ರ ಒಂದು ಲೇಖನದಂತೆ ಜೋಡಿಸಿದರೆ, ಯಾವ ಮಾತು ಯಾರಿಂದ ಹುಟ್ಟಿತು ಎಂದು ಹೇಳಲು ಓದುಗನಿಗೆ ದಾರಿಯೇ ಇರುವುದಿಲ್ಲ. ಮೂಲ ಭಾಷೆಯ ಪಠ್ಯವನ್ನು ಅನುವಾದದ ಪಕ್ಕದಲ್ಲಿ ಇಡುವುದೂ ಅಷ್ಟೇ ಅಗತ್ಯ. ಒರೂಕಾ ಅವರ ತಂದೆ ಒರೂಕಾ ರಂಗಿನ್ಯಾ, ದೇವರು ಎಂಬುದು ಒಳಿತನ್ನು ಪ್ರತಿನಿಧಿಸುವ ಒಂದು ಕಲ್ಪನೆ, ಬದುಕಿಗೆ ಉಪಯುಕ್ತವಾದ ಕಲ್ಪನೆ ಎಂದು ಹೇಳಿದ್ದಾಗಿ ಇಂಗ್ಲಿಷ್ ಪಠ್ಯದಲ್ಲಿದೆ. ಧೀರವಾದ ಮಾತು. ಆದರೆ ಇಂಗ್ಲಿಷ್ ಒಂದನ್ನೇ ಓದುವವರು ಇದರಲ್ಲಿ ತಂದೆಯ ಮಾತೆಷ್ಟು, ಉಪ್ಸಾಲಾದಲ್ಲಿ ಓದಿದ ಮಗನ ಮಾತೆಷ್ಟು ಎಂದು ಕೇಳಿದರೆ ತಪ್ಪಲ್ಲ. ತಂದೆಯನ್ನೇ ತಾತ್ತ್ವಿಕ ಜ್ಞಾನಿಗಳ ಸಾಲಿನಲ್ಲಿ ಸೇರಿಸಿದ್ದರಿಂದ ಈ ಸಂದೇಹ ಇನ್ನಷ್ಟು ಬಲವಾಗುತ್ತದೆ.

ಪಾಶ್ಚಾತ್ಯ ಶಿಕ್ಷಣದ ಸೋಂಕು ಇಲ್ಲದ ಹಿರಿಯರೇ ಬೇಕು ಎಂಬ ಮೊದಲಿನ ಬಿಗಿ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಮಿಷನರಿಗಳು, ಶಾಲೆ, ವಸಾಹತು ಆಡಳಿತ ಎಲ್ಲವನ್ನೂ ಎರಡು ಮೂರು ತಲೆಮಾರು ಕಂಡ ನಾಡದು. ಹಿರಿಯರಲ್ಲಿ ಹಲವರು ಕ್ರೈಸ್ತರು, ಕೆಲವರು ಓದುಬರಹ ಬಲ್ಲವರು. ಈ ಬಿಗಿ ಸಡಿಲಿದ್ದು ಒಳ್ಳೆಯದೇ ಆಯಿತು ಎಂದು ನಾನು ತಿಳಿಯುತ್ತೇನೆ; ಎರಡು ಲೋಕಗಳನ್ನು ಕಂಡವರೇ ಹೋಲಿಸಿ ತೂಗಬಲ್ಲರು. ಹೆಂಗಸರು ಮಾತ್ರ ಈ ಸಂಗ್ರಹದಲ್ಲಿ ತೀರ ಕಡಿಮೆ. ‘ನಿಮ್ಮಲ್ಲಿ ವಿವೇಕಿ ಯಾರು’ ಎಂದು ಊರ ಗಂಡಸರನ್ನು ಕೇಳಿದರೆ ಗಂಡಸರ ಹೆಸರೇ ಬರುತ್ತದೆ. ಸಮಾನತೆಯ ಬಗ್ಗೆ ಎಂಬುಯಾ ಅಷ್ಟು ಚೆನ್ನಾಗಿ ವಾದಿಸಿದ ಪುಸ್ತಕದಲ್ಲೇ ಈ ಕೊರತೆ ಇರುವುದು ಕಣ್ಣಿಗೆ ಚುಚ್ಚುತ್ತದೆ.

1981ರಲ್ಲಿ ನೈಜೀರಿಯಾದ ಪೀಟರ್ ಬೊಡುನ್ರಿನ್ ಎತ್ತಿದ ಆಕ್ಷೇಪ ಅತ್ಯಂತ ಗಟ್ಟಿಯಾದದ್ದು. ತರಬೇತಾದ ತತ್ತ್ವಶಾಸ್ತ್ರಜ್ಞ ಪ್ರಶ್ನೆ ಕೇಳಿ ಕೆದಕಿದಾಗ ಹಿರಿಯರು ತಾತ್ತ್ವಿಕವಾಗಿ ಉತ್ತರಿಸಬಲ್ಲರು ಎಂದು ತೋರಿಸುವುದು ಒಂದು. ಅಲ್ಲಿ ಮೊದಲೇ ತತ್ತ್ವಜ್ಞಾನಿಗಳಿದ್ದರು ಎನ್ನುವುದು ಇನ್ನೊಂದು. ಹುಟ್ಟಿದ್ದು ಇಬ್ಬರ ಕೂಡುಕೆಲಸ ಎಂದರು. ಒರೂಕಾ ಉತ್ತರ: ಕೇಳುವವನು ಸೂಲಗಿತ್ತಿಯಂತೆ, ಕೂಸು ಹೆತ್ತವರದೇ, ಸಾಕ್ರಟೀಸ್ ಕೂಡ ಒಂದು ಸಾಲು ಬರೆಯಲಿಲ್ಲ, ಅವನ ಮಾತು ನಮಗೆ ಸಿಕ್ಕಿದ್ದು ಇತರರ ಬರಹದಲ್ಲಿ, ಆದರೂ ಅವನನ್ನು ತತ್ತ್ವಜ್ಞಾನಿ ಅಲ್ಲ ಎನ್ನುವವರಿಲ್ಲ. ಈ ಉತ್ತರ ಅರ್ಧ ಮಾತ್ರ ಸಾಕು. ಸಾಕ್ರಟೀಸ್ ಪ್ರಶ್ನೆ ಕೇಳುತ್ತಿದ್ದವನು. ಇಲ್ಲಿ ಹಿರಿಯರು ಪ್ರಶ್ನೆಗೆ ಗುರಿಯಾದವರು. ಹಿರಿಯರು ತಾವಾಗಿ ತಿರುಗಿ ಪ್ರಶ್ನೆ ಕೇಳಿದ ಸಂದರ್ಭಗಳನ್ನು ಬೇರೆಯಾಗಿ ಗುರುತಿಸಿದ್ದರೆ ಬೊಡುನ್ರಿನ್ ಅವರಿಗೆ ಇನ್ನೂ ಬಲವಾದ ಉತ್ತರ ಸಿಗುತ್ತಿತ್ತು.

ನೈಜೀರಿಯಾದಲ್ಲೇ ಬ್ಯಾರಿ ಹ್ಯಾಲನ್ ಮತ್ತು ಸೊಡಿಪೊ ಇದೇ ಹೊತ್ತಿಗೆ ಇನ್ನೊಂದು ದಾರಿ ಹಿಡಿದಿದ್ದರು. ಯೊರೂಬಾ ಸಾಂಪ್ರದಾಯಿಕ ವೈದ್ಯರ ಜೊತೆ ದೀರ್ಘಕಾಲ ಚರ್ಚಿಸಿ 1986ರಲ್ಲಿ ಪುಸ್ತಕ ತಂದರು. ಅವರ ಗುರಿ ಭಾಷೆಯ ಬಳಕೆಯಲ್ಲಿ ಅಡಗಿದ ವಿಚಾರದ ಚೌಕಟ್ಟು. ಆ ವೈದ್ಯರ ಹೆಸರುಗಳನ್ನು ಅವರು ಕೊಡಲಿಲ್ಲ. ಒರೂಕಾ ಪ್ರತಿಯೊಬ್ಬರ ಹೆಸರು, ಸಮುದಾಯ, ಬದುಕಿನ ವಿವರ ಕೊಟ್ಟರು. ಹೆಸರಿದ್ದರೆ ಮಾತ್ರ ಎಂಬುಯಾ ಹೀಗಂದರು, ಚೌಂಗೊ ಹಾಗಂದರು ಎಂದು ಒಬ್ಬರನ್ನೊಬ್ಬರ ಎದುರು ನಿಲ್ಲಿಸಿ ವಾದಿಸಲು ಬರುತ್ತದೆ. ಸಮುದಾಯದ ಹೆಸರಿನೊಡನೆ ವಾದಿಸಲಾಗುವುದಿಲ್ಲ.

ಈ ಸಂಭಾಷಣೆಗಳೂ ಟೀಕೆಗಳೂ ಒಟ್ಟಿಗೆ ಪುಸ್ತಕವಾದದ್ದು 1990ರಲ್ಲಿ, ಹಾಲೆಂಡಿನ ಲೈಡನ್‌ನಿಂದ. ನೈರೋಬಿ ಆವೃತ್ತಿ ಮರುವರ್ಷ ಬಂತು. ಅದರಲ್ಲಿ ಜಾನಪದ ಜ್ಞಾನಿಗಳು, ತಾತ್ತ್ವಿಕ ಜ್ಞಾನಿಗಳು ಎಂಬ ಎರಡು ಭಾಗ ಬೇರೆ ಬೇರೆ ಇವೆ. ಜೊತೆಗೆ ತನ್ನನ್ನು ಟೀಕಿಸಿದವರ ಲೇಖನಗಳಿಗೂ ಜಾಗ ಕೊಟ್ಟಿದ್ದಾರೆ. ಇದಕ್ಕೆ ಮೊದಲು, 1978ರಲ್ಲಿ, ಆಫ್ರಿಕನ್ ತತ್ತ್ವಶಾಸ್ತ್ರವನ್ನು ಅವರು ನಾಲ್ಕು ಪ್ರವೃತ್ತಿಗಳಾಗಿ ವಿಂಗಡಿಸಿದ್ದರು: ಜನಾಂಗೀಯ, ಜ್ಞಾನಿಗಳದ್ದು, ರಾಷ್ಟ್ರೀಯ ಹೋರಾಟದ ನಾಯಕರದ್ದು, ವಿಶ್ವವಿದ್ಯಾಲಯದವರದ್ದು. ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಒರೂಕಾ ಎಂದರೆ ಈ ವಿಂಗಡಣೆ. ಪರೀಕ್ಷೆಗೆ ಅನುಕೂಲ ಎಂಬುದರ ಆಚೆ ಅದಕ್ಕೆ ಅಷ್ಟು ಮಹತ್ವ ಕೊಡಬೇಕಿಲ್ಲ.

1987ರ ಒಂದು ಪ್ರಕರಣದಲ್ಲಿ ಅವರ ವಿಚಾರಗಳಿಗೆ ನಿಜವಾದ ಪರೀಕ್ಷೆ ಎದುರಾಯಿತು. ನೈರೋಬಿಯ ಹೆಸರಾಂತ ವಕೀಲ, ಲುವೋ ಸಮುದಾಯದ ಎಸ್.ಎಂ. ಒಟಿಯೆನೊ 1986ರ ಡಿಸೆಂಬರ್ 20ರಂದು ತೀರಿಕೊಂಡರು. ಕಿಕುಯು ಸಮುದಾಯದ ಪತ್ನಿ ವಂಬುಯಿ ಒಟಿಯೆನೊ ಅವರು ನೈರೋಬಿ ಬಳಿಯ ತಮ್ಮ ಜಮೀನಿನಲ್ಲಿ ಸಮಾಧಿ ಮಾಡಬೇಕೆಂದರು; ಗಂಡನ ಕುಲದವರು ಹುಟ್ಟೂರಿನ ಕಡೆ ಲುವೋ ಪದ್ಧತಿಯಂತೆ ಹೂಳಬೇಕೆಂದರು. ಶವ ಐದು ತಿಂಗಳು ಶವಾಗಾರದಲ್ಲಿತ್ತು. ಕುಲದವರ ಕಡೆಯಿಂದ ಲುವೋ ಪದ್ಧತಿಗಳ ತಜ್ಞ ಸಾಕ್ಷಿಯಾಗಿ ಕಟಕಟೆ ಹತ್ತಿದವರಲ್ಲಿ ಒರೂಕಾ ಒಬ್ಬರು. ಕೊನೆಗೆ ಕುಲದವರು ಗೆದ್ದರು. ಮೇ 23ರಂದು ಸಿಯಾಯಾ ಸೀಮೆಯ ನ್ಯಾಲ್‌ಗುಂಗಾದಲ್ಲಿ ಸಮಾಧಿಯಾಯಿತು.

ನ್ಯಾಯಾಲಯಕ್ಕೆ ಬೇಕಿದ್ದದ್ದು ಮೊದಲನೆಯ ಪ್ರಶ್ನೆಯ ಉತ್ತರ: ಲುವೋಗಳ ಪದ್ಧತಿ ಏನು? ಆ ಪದ್ಧತಿಯನ್ನು ಸತ್ತ ವ್ಯಕ್ತಿ ಒಪ್ಪಿದ್ದನೇ, ಹೆಂಡತಿಯ ಹಕ್ಕು ಅದಕ್ಕಿಂತ ಮೇಲಲ್ಲವೇ, ಪದ್ಧತಿ ಸರಿಯೇ ಎಂಬ ಪ್ರಶ್ನೆಗಳಿಗೆ ಸಾಕ್ಷಿಯ ಕಟಕಟೆಯಲ್ಲಿ ಅಷ್ಟು ಜಾಗವಿಲ್ಲ. ಹಿರಿಯರಿಂದ ಎರಡನೆಯ ಉತ್ತರಕ್ಕಾಗಿ ವರ್ಷಗಟ್ಟಲೆ ಕಾದ ವಿದ್ವಾಂಸ ಇಲ್ಲಿ ಮೊದಲನೆಯದನ್ನು ಹೇಳುವ ಪಾತ್ರಕ್ಕೆ ನಿಂತದ್ದು ಅವರ ಜೀವನದ ಅತ್ಯಂತ ಕಷ್ಟದ ಭಾಗ ಎಂದು ನನಗನ್ನಿಸುತ್ತದೆ. ಒರೂಕಾ ಬಗ್ಗೆ ಬರೆಯುವ ಮೆಚ್ಚುಗೆಯ ಲೇಖನಗಳು ಇದನ್ನು ದಾಟಿಹೋಗಬಾರದು.

ಅವರ ಇತರ ಕೆಲಸವನ್ನೂ ಈ ಬೆಳಕಿನಲ್ಲೇ ನೋಡಬೇಕು. 1976ರ ಪುಸ್ತಕದಲ್ಲಿ ಅಪರಾಧದ ಬೇರು ಸಮಾಜದ ಶಕ್ತಿಗಳಲ್ಲಿದೆ, ಆದ್ದರಿಂದ ಶಿಕ್ಷೆ ಎಂಬುದಕ್ಕೇ ಸಮರ್ಥನೆ ಇಲ್ಲ, ಬೇಕಿರುವುದು ಚಿಕಿತ್ಸೆ ಎಂದು ವಾದಿಸಿದರು. 1989ರಲ್ಲಿ ವಿದೇಶಿ ನೆರವಿನ ಬಗ್ಗೆ ಬರೆದದ್ದು ಇನ್ನೂ ಗಟ್ಟಿ. ನೆರವನ್ನು ದಾನ ಎನ್ನುತ್ತಾರೆ, ವ್ಯಾಪಾರ ಎನ್ನುತ್ತಾರೆ, ಹಳೆಯ ಅನ್ಯಾಯಕ್ಕೆ ಪರಿಹಾರ ಎನ್ನುತ್ತಾರೆ; ಮೂರೂ ಸಾಲದು. ಜೀವ ಉಳಿಯಲು ಬೇಕಾದ ಸುರಕ್ಷೆ, ಆರೋಗ್ಯ, ಅನ್ನ ಇಷ್ಟು ‘ಮಾನವ ಕನಿಷ್ಠ’. ಅದಿಲ್ಲದೆ ಬೇರಾವ ಹಕ್ಕನ್ನೂ ಚಲಾಯಿಸಲಾಗದು, ಆದ್ದರಿಂದ ಅದು ಇಡೀ ಲೋಕದ ಮೇಲಿನ ಹಕ್ಕು. ದೇಶಗಳ ಗಡಿ ಅದನ್ನು ತಡೆಯಲಾರದು. 1993ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ ವಾದಕ್ಕೆ ಉತ್ತರ ಕೊಟ್ಟರು. ಶ್ರೀಮಂತ ದೇಶಗಳು ತುಂಬಿದ ದೋಣಿಯಲ್ಲಿವೆ, ಮುಳುಗುವವರನ್ನು ಹತ್ತಿಸಿಕೊಂಡರೆ ಎಲ್ಲರೂ ಮುಳುಗುತ್ತಾರೆ ಎಂದಿದ್ದರು ಹಾರ್ಡಿನ್. ಒರೂಕಾ ಅದರ ಬದಲು ಒಂದು ತಾಯಿಯ ಆರು ಮಕ್ಕಳನ್ನು ಕಲ್ಪಿಸಿದರು. ಕೆಲವರು ಸಿರಿವಂತರು, ಕೆಲವರು ಬಡವರು. ಒಬ್ಬೊಬ್ಬರ ಸಿರಿಗೆ ಅವರ ದುಡಿಮೆಯ ಜೊತೆ ಮನೆತನದ ಇತಿಹಾಸವೂ ಅದೃಷ್ಟವೂ ಕಾರಣ. ಆದ್ದರಿಂದ ‘ನನ್ನದು ನನಗೆ’ ಎನ್ನಲು ಯಾರಿಗೂ ಪೂರ್ತಿ ಹಕ್ಕಿಲ್ಲ. ಭೂಮಿಯೇ ಆ ತಾಯಿ. ಎಂಬುಯಾ ಹೇಳಿದ ದನಗಳ ಲೆಕ್ಕವನ್ನು ಓದಿದವರಿಗೆ ಈ ವಾದ ಎಲ್ಲಿಂದ ಶಕ್ತಿ ಪಡೆಯಿತು ಎಂದು ಊಹಿಸುವುದು ಕಷ್ಟವಲ್ಲ: ಒಡೆತನ ಇರಬಹುದು, ಹಾಲು ಮಾತ್ರ ಎಲ್ಲರ ಮನೆಗೂ ಹೋಗಬೇಕು.

1991ರ ಜುಲೈಯಲ್ಲಿ ವಿಶ್ವ ತತ್ತ್ವಶಾಸ್ತ್ರ ಸಮ್ಮೇಳನ ನೈರೋಬಿಯಲ್ಲಿ, ಪರಿಸರದ ವಿಷಯದ ಮೇಲೆ, ಅವರ ನೇತೃತ್ವದಲ್ಲಿ ನಡೆಯಿತು. ಮರುವರ್ಷ ವಿರೋಧ ಪಕ್ಷದ ಹಿರಿಯ ನಾಯಕ ಒಗಿಂಗಾ ಒಡಿಂಗಾ ಅವರ ಜೊತೆಗಿನ ಸಂಭಾಷಣೆಗಳ ಪುಸ್ತಕ ಬಂತು. ಹಳ್ಳಿಯ ಹಿರಿಯರಿಗೆ ಬಳಸಿದ ಪ್ರಶ್ನೋತ್ತರದ ಕ್ರಮವನ್ನೇ ರಾಜಕಾರಣಿಗೂ ಬಳಸಿದ್ದರು. 1995ರ ಡಿಸೆಂಬರ್ 9ರಂದು ನೈರೋಬಿಯಲ್ಲಿ ವಾಹನ ಬಡಿದು ತೀರಿಕೊಂಡಾಗ ಅವರಿಗೆ 51 ವರ್ಷ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಜರ್ಮನಿಯ ಕೈ ಕ್ರೆಸ್ಸೆ ಮೊಂಬಾಸಾದ ಸ್ವಾಹಿಲಿ ಮುಸ್ಲಿಂ ವಿದ್ವಾಂಸರು, ಕವಿಗಳ ನಡುವೆ ದೀರ್ಘಕಾಲ ಇದ್ದು, ಸಂದರ್ಶನಕ್ಕೆ ಮಾತ್ರ ಜೋತುಬೀಳದೆ ಅವರವರೇ ನಡೆಸುವ ಚರ್ಚೆ, ಉಪನ್ಯಾಸಗಳನ್ನು ಕೇಳಿ 2007ರಲ್ಲಿ ಬರೆದರು. ಪ್ರಶ್ನೆಯನ್ನು ಹೊರಗಿನವರು ತರುತ್ತಾರೆ ಎಂಬ ಬೊಡುನ್ರಿನ್ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಈವರೆಗೆ ಬಂದಿಲ್ಲ. ಅಮೆರಿಕದ ಗೇಲ್ ಪ್ರೆಸ್ಬಿ ಒರೂಕಾ ಅವರ ಬದುಕು, ಚಿಂತನೆಗಳ ಅಧ್ಯಯನಕ್ಕೆ ದಶಕಗಳನ್ನೇ ಕೊಟ್ಟಿದ್ದಾರೆ.

ಒರೂಕಾ ಅವರನ್ನು ಹೊಸದಾಗಿ ಓದುವವರು ನಾಲ್ಕು ಪ್ರವೃತ್ತಿಗಳ ಲೇಖನದಿಂದ ಶುರು ಮಾಡಬೇಡಿ. ಮೊದಲು ಎಂಬುಯಾ ಸಂಭಾಷಣೆಯನ್ನು ಪ್ರಶ್ನೆಗಳ ಸಮೇತ ಓದಿ. ಪ್ರತಿ ಉತ್ತರದ ಪಕ್ಕದಲ್ಲಿ ಇದು ಸಮುದಾಯದ ಮಾತೋ, ಅವರ ಸ್ವಂತ ತೀರ್ಮಾನವೋ, ಕೇಳಿದವರ ಸೂಚನೆಗೆ ಹಾಕಿದ ಹೂಂಗುಟ್ಟೋ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಆಮೇಲೆ ಜಾನಪದ ಜ್ಞಾನಿಗಳ ಭಾಗದಿಂದ ಒಂದನ್ನು ಅದೇ ರೀತಿ ಓದಿ. ಎರಡರ ಗುರುತುಗಳನ್ನು ಹೋಲಿಸಿದ ಮೇಲೆ ಬೊಡುನ್ರಿನ್ ಅವರ ಲೇಖನಕ್ಕೆ ಹೋಗಿ. ನಮ್ಮಲ್ಲಿ ಜಾನಪದ ಸಂಗ್ರಹಕ್ಕೆ ಹೋಗುವ ವಿದ್ಯಾರ್ಥಿಗಳು ಹಾಡು, ಕಥೆ, ಗಾದೆ ಬರೆದುಕೊಂಡ ಮೇಲೆ ‘ನೀವು ಇದನ್ನು ಒಪ್ಪುತ್ತೀರಾ’ ಎಂದು ಹಾಡಿದವರನ್ನೇ ಕೇಳಿ, ಆ ಉತ್ತರವನ್ನೂ ಅವರ ಹೆಸರಿನೊಡನೆ ಬರೆದಿಟ್ಟುಕೊಳ್ಳಬಹುದು.